ಎಳವೆಯ ಎರಡನೆಯ ನುಡಿ: ತಾಂಡಾಗಳ ಸಾಕ್ಷ್ಯ

ಎಳವೆಯಲ್ಲಿ ಕಲಿತ ನುಡಿ ಜೀವನಪರ್ಯಂತ ಮರೆಯದೆಂಬ ಅಭಿಪ್ರಾಯ ವಿದ್ಯಾವಂತರಲ್ಲಿಯೂ ಪ್ರಚುರವಾಗಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಲಂಬಾಣಿ ತಾಂಡಾಗಳ ಚರಿತ್ರೆಯನ್ನು ಪರಿಶೀಲಿಸಿದರೆ ಇದು ಅರ್ಧಸತ್ಯವೆಂದು ವಿದಿತವಾಗುತ್ತದೆ.

ಲಂಬಾಣಿಗಳು ಪೂರ್ವದಲ್ಲಿ ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದಖ್ಖನ್ನಿನಲ್ಲೆಲ್ಲ ಸಂಚರಿಸುತ್ತಿದ್ದ ವರ್ತಕರು. ಮೊಗಲರ ದಂಡುಗಳಿಗೂ ಧಾನ್ಯವನ್ನೊದಗಿಸಿದವರು. ಸಂತೆಯಲ್ಲಿ ಮರಾಠಿ, ತೆಲುಗು, ಕನ್ನಡಗಳನ್ನು ಆಡುತ್ತಿದ್ದರೂ, ರಾಜಸ್ಥಾನಿಯೊಡನೆ ಸಂಬಂಧವುಳ್ಳ ಮನೆಮಾತನ್ನು ಅವರು ಬಿಡಲಿಲ್ಲ. ಹಿರಿಯರೂ ಮಕ್ಕಳೂ ಒಂದೇ ಗುಂಪಾಗಿ ಚಲಿಸುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣವೆನ್ನಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ರಸ್ತೆಗಳು ಬಂದು ಈ ವ್ಯಾಪಾರವು ಕುಸಿಯಿತು; ತಾಂಡಾಗಳು ನೆಲೆಯೂರಿದವು. ಆದರೂ, ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿತವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ ನೆರೆಯುವ ಭಕ್ತರಲ್ಲಿ ಎರಡನೆಯ ನುಡಿ ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು, ಮತ್ತೆ ಕೆಲವರಿಗೆ ಮರಾಠಿ. ಅವರನ್ನು ಕೂಡಿಸುವುದು ಮನೆಮಾತು.

ತಾಂಡಾದ ಮಗು ಕನ್ನಡವನ್ನು ಕ್ರಮವಾಗಿ ಕೇಳತೊಡಗುವುದು ಬಹುಮಟ್ಟಿಗೆ ಅಂಗನವಾಡಿಯಲ್ಲಿ. 1975ರಲ್ಲಿ ಆರಂಭವಾದ ಈ ಯೋಜನೆಯು 3ರಿಂದ 6 ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವನ್ನು ಕೊಡುತ್ತದೆ. ಮನೆಮಾತು ಆರ್ಯವರ್ಗದ್ದು, ಕನ್ನಡ ದ್ರಾವಿಡವರ್ಗದ್ದು. ಅಲ್ಲಿ ನಿರ್ಜೀವ ವಸ್ತುಗಳಿಗೂ ಪುಲ್ಲಿಂಗ, ಸ್ತ್ರೀಲಿಂಗಗಳುಂಟು. ಇಲ್ಲಿ ಅವು ನಪುಂಸಕ. ಈ ಭೇದವನ್ನು ಮಗು ವ್ಯಾಕರಣದಿಂದಲ್ಲ, ಆಟದಿಂದ ಕಲಿಯುತ್ತದೆ.

ಆದರೆ ಬೇಗ ಕಲಿತುದು ಬೇಗ ಅಳಿಯಲೂಬಹುದು. ಕೊರಿಯಾದಲ್ಲಿ ಹುಟ್ಟಿ, 3ರಿಂದ 8 ವರ್ಷದೊಳಗೆ ಫ್ರೆಂಚ್ ಕುಟುಂಬಗಳಿಗೆ ದತ್ತು ಹೋದವರನ್ನು ಪ್ಯಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವರು ದೊಡ್ಡವರಾದಾಗ ತಮ್ಮ ಮೊದಲ ನುಡಿಯ ವಾಕ್ಯಗಳನ್ನೇ ಗುರುತಿಸಲಾರದವರಾಗಿದ್ದರು. ಮೊದಲ ನುಡಿಗೇ ಈ ಗತಿಯಾದರೆ ಎರಡನೆಯದರ ಮಾತೇನು? ನುಡಿಯನ್ನುಳಿಸುವುದು ಕಲಿತ ವಯಸ್ಸೊಂದೇ ಅಲ್ಲ, ಅದನ್ನಾಡುವ ಬಳಗವೂ ಹೌದು.

ಇದರ ಪರಿಣಾಮ ನಮ್ಮಲ್ಲಿ ಎರಡು ಬಗೆ. ದುಡಿಮೆಗಾಗಿ ಕಾಫಿ ತೋಟಗಳಿಗೆ ತೆರಳುವ ಕುಟುಂಬದ ಮಗುವಿಗೆ ಶಾಲೆ ತಪ್ಪಿದರೆ ಆಡುಗನ್ನಡ ಉಳಿದರೂ ಅಕ್ಷರ ಜಾರುತ್ತದೆ. ಪಟ್ಟಣದಲ್ಲಿ ನೆಲಸಿದ ಕುಟುಂಬದಲ್ಲಿ ಕನ್ನಡ ಬೇರೂರಿದರೂ ಮನೆಮಾತು ಅಜ್ಜಿಯೊಡನೆ ಮುಗಿಯಬಹುದು.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಕರ್ಯವಿರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಹೇಳುತ್ತದೆ. 2011ರ ಜನಗಣತಿಯಾದರೋ ದೇಶದ ಸುಮಾರು 33 ಲಕ್ಷ ಲಂಬಾಣಿ ಮಾತೃಭಾಷಿಕರನ್ನು ಹಿಂದಿಯ ಲೆಕ್ಕದಲ್ಲಿ ಸೇರಿಸಿದೆ. ಎಣಿಕೆಯಲ್ಲಿ ಮರೆಯಾದ ನುಡಿ ಶಾಲೆಯಲ್ಲಿ ಕಾಣಿಸುವುದು ಕಷ್ಟ. ತಾಂಡಾದ ಅಂಗನವಾಡಿಗಳಲ್ಲಿ ಎರಡೂ ನುಡಿಗಳನ್ನು ಬಲ್ಲ ಕಾರ್ಯಕರ್ತೆಯರಿದ್ದು, ಮಗುವಿನ ಮಾತಿನಿಂದಲೇ ಕನ್ನಡಕ್ಕೆ ದಾರಿ ತೆರೆದರೆ ಎರಡೂ ಉಳಿದಾವೆಂದು ನಮ್ಮ ಭಾವನೆ.