ಉಪ್ಪುನೀರಿನ ಚರಿತ್ರೆ

2011ರಲ್ಲಿ ನಮ್ಮ ತಂದೆಯವರಿಗೆ ಪುಣೆಯಲ್ಲಿ ಆಂಜಿಯೋಗ್ರಾಮ್ ಆಗಬೇಕಾಗಿತ್ತು. ಅವರು ಸಕ್ಕರೆ ಕಾಯಿಲೆಯವರು, ಕ್ರಿಯಾಟಿನಿನ್ 1.8 ಇತ್ತು. ರಕ್ತನಾಳಗಳು ಕಾಣಲೆಂದು ಹಾಕುವ ಕಾಂಟ್ರಾಸ್ಟ್ ಡೈ ಮೂತ್ರಪಿಂಡಕ್ಕೆ ಹಾನಿ ಮಾಡಬಹುದೆಂದು ವೈದ್ಯರು ಎಚ್ಚರಿಸಿ, ಅಸಿಟೈಲ್‌ಸಿಸ್ಟೀನ್ ಗುಳಿಗೆಗಳನ್ನು ಬರೆದುಕೊಟ್ಟರು. ಲಕ್ಷ್ಮೀ ರಸ್ತೆಯಿಂದ ಸದಾಶಿವ ಪೇಠೆಯವರೆಗೆ ಔಷಧದಂಗಡಿಗಳನ್ನು ಅಲೆದು ನಾವು ಅವುಗಳನ್ನು ತಂದೆವು. ನೀರಿಗೆ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ. ಜೊತೆಗೆ ರಾತ್ರಿಯಿಡೀ ಸಲೈನ್. "ಬರೇ ಉಪ್ಪುನೀರಿಗೆ ಒಂದು ರಾತ್ರಿ ಇಟಗೋತಾರೇನೋ ತಮ್ಮಾ?" ಎಂದು ತಂದೆಯವರು ತಮ್ಮ ಧಾರವಾಡದ ದನಿಯಲ್ಲಿ ನಕ್ಕಿದ್ದರು. ಮೂರನೆಯ ದಿನವೂ ಕ್ರಿಯಾಟಿನಿನ್ ಏರಲಿಲ್ಲ. ಗುಳಿಗೆಯೇ ಕಾಪಾಡಿತೆಂದು ನಾವು ನಂಬಿದೆವು.

ಕಳೆದ ವರ್ಷ ತಾಯಿಯವರಿಗೆ ಸಿ.ಟಿ. ಸ್ಕ್ಯಾನ್ ಬೇಕಾಯಿತು. ಅದೇ ಬಗೆಯ ಡೈ. ಆದರೆ ಗುಳಿಗೆಯೂ ಇಲ್ಲ, ಸಲೈನೂ ಇಲ್ಲ. ಇದು ಅಜಾಗರೂಕತೆಯೆಂದು ಬಗೆದು, ಸ್ಕ್ಯಾನ್ ಬೇಡವೆಂದು ಅವರನ್ನು ಮನೆಗೆ ಕರೆತರಲು ನಾವು ಹೊರಟೇಬಿಟ್ಟಿದ್ದೆವು. ಅಂದಿನ ವೈದ್ಯರು ಸರಿಯೋ, ಇಂದಿನವರು ಸರಿಯೋ? ಈ ಪ್ರಶ್ನೆಯೇ ನಮ್ಮನ್ನು ಹಿಂದಿನ ಕಾಲಕ್ಕೆ ಕರೆದೊಯ್ದಿತು.

1924ರ ಜನವರಿ 12ರ ರಾತ್ರಿ ಯರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಕ್ಷ-ಕಿರಣವು 1895ರಲ್ಲಿಯೇ ಬಂದಿದ್ದರೂ ಅದು ಸ್ಪಷ್ಟವಾಗಿ ತೋರುತ್ತಿದ್ದುದು ಎಲುಬನ್ನು. ಮೃದುವಾದ ಅಂಗಗಳು ಇನ್ನೂ ಕತ್ತಲೆಯಲ್ಲಿದ್ದವು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ, ಸಿಫಿಲಿಸ್‌ಗಾಗಿ ಸೋಡಿಯಂ ಅಯೋಡೈಡ್ ಪಡೆದ ರೋಗಿಗಳ ಮೂತ್ರವು ಕ್ಷ-ಕಿರಣದ ಚಿತ್ರದಲ್ಲಿ ಕಾಣುವುದನ್ನು ಆಸ್ಬರ್ನ್ ಮತ್ತು ಸಂಗಡಿಗರು ವರದಿ ಮಾಡಿದ್ದರು. 1929ರಲ್ಲಿ ಮೋಸಸ್ ಸ್ವಿಕ್ ಎಂಬ ತರುಣ ವೈದ್ಯ ಬರ್ಲಿನ್‌ನಲ್ಲಿ ಯೂರೋಸೆಲೆಕ್ಟಾನ್ ಎಂಬ ಅಯೋಡಿನ್ ಸಂಯುಕ್ತದಿಂದ ಮೂತ್ರಪಿಂಡದ ಸ್ಪಷ್ಟ ಚಿತ್ರ ಪಡೆದನು. ಆ ದ್ರವವನ್ನು ದೇಹದಿಂದ ಹೊರಹಾಕುವ ಭಾರವೂ ಮೂತ್ರಪಿಂಡದ ಮೇಲೆಯೇ ಬಿತ್ತು.

1954ರಲ್ಲಿ ಬಾರ್ಟೆಲ್ಸ್ ಮತ್ತು ಸಂಗಡಿಗರು, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದ್ದ ರೋಗಿಯೊಬ್ಬರಲ್ಲಿ ಇಂಥ ಪರೀಕ್ಷೆಯ ಬಳಿಕ ಮೂತ್ರವೇ ನಿಂತುಹೋದುದನ್ನು ದಾಖಲಿಸಿದರು. ಚಿತ್ರ ಗಾಢವಾಗಿ ಮೂಡಲೆಂದು ಪರೀಕ್ಷೆಗೆ ಮುನ್ನ ರೋಗಿಗೆ ನೀರು ಕೊಡದಿರುವುದು ಆ ಕಾಲದ ವಾಡಿಕೆಯಾಗಿತ್ತು. ಮೂತ್ರಪಿಂಡದ ಒಳಪದರಕ್ಕೆ ಮೊದಲೇ ಆಮ್ಲಜನಕ ಕಡಿಮೆ. ಡೈ ಅಲ್ಲಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಸೂಕ್ಷ್ಮನಾಳಗಳಲ್ಲಿ ದಪ್ಪವಾಗಿ ನಿಲ್ಲುತ್ತದೆ. ನೀರಿಲ್ಲದ ದೇಹದಲ್ಲಿ ಈ ಎರಡೂ ಉಲ್ಬಣಿಸುತ್ತವೆ.

ಪರಿಹಾರ ಎರಡು ದಾರಿಗಳಲ್ಲಿ ಬಂದಿತು. ಹಳೆಯ ಡೈಗಳ ಸಾಂದ್ರತೆ ರಕ್ತಕ್ಕಿಂತ ಐದಾರು ಪಟ್ಟು. 1969ರಲ್ಲಿ ಸ್ವೀಡನ್ನಿನ ಟಾರ್ಸ್ಟೆನ್ ಆಲ್ಮೆನ್ ಅದನ್ನು ತಗ್ಗಿಸುವ ಬಗೆಯನ್ನು ಸೂಚಿಸಿದನು; ಇಂದು ಬಳಕೆಯಲ್ಲಿರುವ ಸೌಮ್ಯ ಡೈಗಳು ಆ ಚಿಂತನೆಯ ಫಲ. ಎರಡನೆಯದು ರಕ್ಷಕ ಔಷಧಗಳ ಹುಡುಕಾಟ. ಮೂತ್ರವನ್ನು ಹೆಚ್ಚಿಸುವ ಔಷಧಗಳು ಕಾಪಾಡುವುವೆಂಬ ನಿರೀಕ್ಷೆಯಿತ್ತು. 1994ರಲ್ಲಿ ಸಾಲೊಮನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಸಲೈನ್ ಮಾತ್ರ ಪಡೆದವರಲ್ಲಿ ಶೇ. 11 ಜನರಿಗೆ ತೊಂದರೆಯಾಯಿತು. ಸಲೈನ್ ಜೊತೆ ಮ್ಯಾನಿಟಾಲ್ ಪಡೆದವರಲ್ಲಿ ಶೇ. 28, ಫ್ಯೂರೋಸೆಮೈಡ್ ಪಡೆದವರಲ್ಲಿ ಶೇ. 40. ಉಪ್ಪುನೀರು ಗೆದ್ದಿತು. 2000ದಲ್ಲಿ ಜರ್ಮನಿಯ ಟೆಪೆಲ್ ಮತ್ತು ಸಂಗಡಿಗರು 83 ರೋಗಿಗಳ ಮೇಲೆ ಅಸಿಟೈಲ್‌ಸಿಸ್ಟೀನ್ ಪರೀಕ್ಷಿಸಿ ಆಶಾದಾಯಕ ಫಲ ಕಂಡರು; ಗುಳಿಗೆ ಲೋಕವನ್ನೆಲ್ಲ ಸುತ್ತಿತು. 2018ರಲ್ಲಿ ಪ್ರಕಟವಾದ 'ಪ್ರಿಸರ್ವ್' ಅಧ್ಯಯನ ಸುಮಾರು 5,000 ಜನರಲ್ಲಿ ಅದನ್ನು ತೂಗಿ ನೋಡಿತು. ಪ್ರಯೋಜನ ಕಾಣಲಿಲ್ಲ.

ಆ ಹೊತ್ತಿಗೆ ಡೈ ಮೇಲಿನ ಆರೋಪವೇ ಮರುವಿಚಾರಣೆಗೆ ಬಂದಿತ್ತು. ಡೈ ಪಡೆಯದ ರೋಗಿಗಳ ಕ್ರಿಯಾಟಿನಿನ್ ಕೂಡ ಆಸ್ಪತ್ರೆಯಲ್ಲಿ ಏರಿಳಿಯುವುದನ್ನು 2008ರಲ್ಲಿ ನ್ಯೂಹೌಸ್ ಮತ್ತು ಸಂಗಡಿಗರು ಮೂವತ್ತು ಸಾವಿರಕ್ಕೂ ಹೆಚ್ಚು ದಾಖಲೆಗಳಿಂದ ತೋರಿಸಿದ್ದರು. ಡೈ ಪಾಲು ನಾವೆಲ್ಲ ಎಣಿಸಿದ್ದಕ್ಕಿಂತ ಕಡಿಮೆಯಿರಬಹುದೆಂಬ ಸಂಶಯ ಬಲಗೊಂಡಿತು. 2017ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು, ಮೂತ್ರಪಿಂಡದ ಶಕ್ತಿ ಮಧ್ಯಮವಾಗಿ ಕುಂದಿದವರಿಗೆ ಸಲೈನ್ ಕೊಟ್ಟರೂ ಬಿಟ್ಟರೂ ಫಲ ಒಂದೇ ಎಂದಿತು. ಕೊಟ್ಟವರಲ್ಲಿ ಕೆಲವರ ಹೃದಯಕ್ಕೆ ಆ ನೀರೇ ಭಾರವಾಯಿತು. 2020ರಲ್ಲಿ ಅಮೆರಿಕದ ವಿಕಿರಣ ತಜ್ಞರೂ ಮೂತ್ರಪಿಂಡ ತಜ್ಞರೂ ಸೇರಿ, ಸಿರೆಯ ಮೂಲಕ ಡೈ ಪಡೆಯುವವರಲ್ಲಿ ಮುಖ್ಯವಾಗಿ ಇಜಿಎಫ್‌ಆರ್ 30ಕ್ಕಿಂತ ಕಡಿಮೆಯಿರುವವರಿಗೂ ಮೂತ್ರಪಿಂಡಕ್ಕೆ ಹಠಾತ್ತನೆ ಪೆಟ್ಟಾಗಿರುವವರಿಗೂ ಸಲೈನ್ ಸಾಕೆಂದರು.

ತಾಯಿಯವರ ಇಜಿಎಫ್‌ಆರ್ 52. ವೈದ್ಯರು ಅದನ್ನು ತೋರಿಸಿ, ನೋವಿನ ಗುಳಿಗೆಗಳನ್ನು ನಿಲ್ಲಿಸಿ, ಚೆನ್ನಾಗಿ ನೀರು ಕುಡಿಯಲು ಹೇಳಿ, ಸ್ಕ್ಯಾನ್ ಮಾಡಿಸಿದರು. ಪಿತ್ತನಾಳದಲ್ಲಿದ್ದ ಕಲ್ಲು ಅದರಲ್ಲಿ ಕಂಡಿತು, ಸಕಾಲದಲ್ಲಿ ತೆಗೆದರು. ಅಂದು ನಾವು ಅವರನ್ನು ಮನೆಗೆ ಕರೆತಂದಿದ್ದರೆ ಮೂತ್ರಪಿಂಡವನ್ನು ಉಳಿಸಿದೆವೆಂಬ ಸಮಾಧಾನದಲ್ಲಿಯೇ ಅವರನ್ನು ಅಪಾಯಕ್ಕೆ ನೂಕುತ್ತಿದ್ದೆವು.

2011ರ ವೈದ್ಯರನ್ನು ನಾವು ದೂರುವುದಿಲ್ಲ. ಅಂದಿನ ತಿಳಿವಿಗೆ ಅವರು ನಿಷ್ಠರಾಗಿದ್ದರು. ದೂರಬೇಕಾದುದು ತಂದೆಯವರೊಬ್ಬರ ಕ್ಷೇಮವನ್ನೇ ಪ್ರಮಾಣವೆಂದು ಹಿಡಿದ ನಮ್ಮ ನಂಬಿಕೆಯನ್ನು. ಮನೆಯ ಹಿರಿಯರಿಗೆ ಡೈ ಹಾಕುವ ಮಾತು ಬಂದಾಗ ನಾವೀಗ ಮೊದಲು ಕೇಳುವುದು ಇಜಿಎಫ್‌ಆರ್ ಎಷ್ಟೆಂದು. ಎರಡನೆಯದಾಗಿ, ಸ್ಕ್ಯಾನ್ ಮಾಡದೆ ಬಿಟ್ಟರೆ ಏನಾದೀತೆಂದು.