ಶಹಾಬಾದಿ ಫರಶಿ ಮತ್ತು ಅದರ ಸಂದು

ಮುಂಬಯಿ, ಪುಣೆಗಳ ಹಳೆಯ ಚಾಳುಗಳಲ್ಲಿ ಬಾಳಿದ ನಮ್ಮವರಿಗೆ 'ಶಹಾಬಾದಿ ಫರಶಿ' ಎಂಬ ಮಾತು ಹೊಸದಲ್ಲ. ಅಡಿಗೆಮನೆ, ಬಚ್ಚಲು, ಮೆಟ್ಟಿಲು, ಅಂಗಳ ಎಲ್ಲೆಲ್ಲೂ ಆ ಬೂದುಬಣ್ಣದ ಕಲ್ಲು. ಮರಾಠಿಗರ ಬಾಯಲ್ಲಿ ಕೇಳಿದ್ದರಿಂದಲೋ ಏನೋ, ಅದು ನಮ್ಮ ಕಲಬುರಗಿ ಜಿಲ್ಲೆಯ ಕಲ್ಲೆಂಬುದು ಎಷ್ಟೋ ಮಂದಿಗೆ ಹೊಳೆದೇ ಇಲ್ಲ. ನಮ್ಮಲ್ಲಿ ಅನೇಕರಿಗಿಂತ ಮೊದಲೇ ಊರು ಬಿಟ್ಟು ಬಂದು ಇಲ್ಲಿ ನೆಲೆಯೂರಿದ ಕನ್ನಡಿಗ ಅದು!

ಭೀಮಾ ನದಿಯ ಸೀಮೆಯ ಈ ಸುಣ್ಣಕಲ್ಲು ಪದರುಪದರಾಗಿ ಏಳುತ್ತದೆ. ಹೆಚ್ಚಿನ ಕೆತ್ತನೆಯಿಲ್ಲದೆ ಚಪ್ಪಡಿಯಾಗುತ್ತದೆ. 1871ರಲ್ಲಿ ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲುದಾರಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. ಶಹಾಬಾದ್ ಆ ದಾರಿಯ ಮೇಲೆಯೇ ಇದ್ದುದರಿಂದ ಭಾರದ ಕಲ್ಲಿಗೂ ದೂರದ ಪೇಟೆ ಹತ್ತಿರವಾಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಆ ಸೀಮೆ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು.

ಆದರೆ ನೆಲವೆಂದರೆ ಕಲ್ಲು ಮಾತ್ರವಲ್ಲ, ಕಲ್ಲುಗಳ ನಡುವಣ ಸಂದೂ ಹೌದು. ಹಿಂದೆ ಅದನ್ನು ಸುಣ್ಣ, ಮರಳು, ಇಟ್ಟಿಗೆಪುಡಿಯ ಸುರ್ಕಿ ಸೇರಿಸಿ ಅರೆದ ಗಾರೆಯಿಂದ ತುಂಬುತ್ತಿದ್ದರು. ಸುಣ್ಣಕಲ್ಲನ್ನು ಸುಟ್ಟು, ನೀರೆರೆದು ಅರಳಿಸಿದ ಸುಣ್ಣ, ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಹೀಗೆ ಕಲ್ಲೂ ಸಂದೂ ಒಂದೇ ಕುಲ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟು ಪಡೆದ. ನಮ್ಮಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸತೊಡಗಿತು. 1922ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತ್ ಫ್ಲೋರಿಂಗ್ಸ್ ಸಂಸ್ಥೆ ವಿಲಾಯತಿ ಹಾಸುಬಿಲ್ಲೆಗಳಿಗೆ ಎದುರಾಗಿ ಸಿಮೆಂಟಿನ ಸ್ವದೇಶಿ ಬಿಲ್ಲೆಗಳನ್ನು ಮಾಡಿತು. ಶಹಾಬಾದ್, ವಾಡಿಗಳ ಸುಣ್ಣಕಲ್ಲೂ ಮುಂದೆ ಸಿಮೆಂಟಿನ ಗೂಡು ಸೇರಿತು. ಸಂದಿನ ರೂಪ ಬದಲಾದರೂ ಮೂಲವಸ್ತು ಸುಣ್ಣಕಲ್ಲೇ ಆಗಿ ಉಳಿಯಿತು.

ಈ ಸಂಬಂಧವನ್ನು ನಾವು ಕಲಿತದ್ದು ಪೆಟ್ಟು ತಿಂದೇ. 1979ರ ದೀಪಾವಳಿಯ ಮುಂಚೆ, ಕಪ್ಪಿಟ್ಟ ಸಂದುಗಳನ್ನು ನೋಡಲಾರದೆ ನಮ್ಮ ಅವ್ವ, ನೆರೆಯವರ ಮಾತು ಕೇಳಿ ಆಸಿಡ್ ತರಿಸಿದಳು. ನೆಲದ ಮೇಲೆ ಬುಸುಬುಸು ನೊರೆ ಎದ್ದಿತು. ಕೊಳೆ ಬಿಡುತ್ತಿದೆಯೆಂದು ಎಲ್ಲರಿಗೂ ಹಿಗ್ಗು. ಕರಗುತ್ತಿದ್ದುದು ಕಲ್ಲು ಮತ್ತು ಸಂದು! ಹಬ್ಬ ಮುಗಿಯುವಷ್ಟರಲ್ಲಿ ಕಲ್ಲಿನ ನುಣುಪು ಹೋಗಿತ್ತು. ಸಂದು ಟೊಳ್ಳಾಗಿ, ಮೋರಿಯ ನೀರು ಕೆಳಗಿನ ಮನೆಯ ಮಾಳಿಗೆಯಿಂದ ತೊಟ್ಟಿಕ್ಕಿತು. ಹತ್ತು ವರ್ಷ ಹಬ್ಬದ ಫರಾಳ ಹಂಚಿಕೊಂಡಿದ್ದ ಆ ಮನೆಯವರು ಮಾತು ಬಿಟ್ಟರು.

ರಿಪೇರಿಗೆ ಬಂದ ಗೌಂಡಿ ಕಲಬುರಗಿ ಕಡೆಯವನು. ಹಳೆಯ ಸಂದನ್ನು ಬೆರಳುಗೆಣ್ಣು ಆಳದವರೆಗೆ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ, ಸಿಮೆಂಟು-ಮರಳಿನ ಗಾರೆಯನ್ನು ಒತ್ತಿ ತುಂಬಿದ. ಮೂರು ದಿನ ಒದ್ದೆ ಗೋಣಿತಟ್ಟು ಹಾಸಿಸಿದ. ಬೇಗ ಒಣಗಿದ ಸಿಮೆಂಟು ಬಿರುಕು ಬಿಡುತ್ತದೆ. ಸಂದಿನ ಸೂಕ್ಷ್ಮ ರಂಧ್ರಗಳು ಎಣ್ಣೆ, ಅರಿಸಿನ, ಸಾಬೂನುಗಳನ್ನು ಹೀರುವುದೇ ಕಪ್ಪಿಗೆ ಕಾರಣ. ಈಗ ಅವುಗಳೊಳಗೆ ಇಳಿದು ನೀರನ್ನು ತಡೆಯುವ ಸೀಲರ್ ದ್ರಾವಣಗಳು ಸಿಗುತ್ತವೆ. ಸಂದು ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ನೀರನ್ನೇ ಹೀರದ ಎಪಾಕ್ಸಿ ಸಂದೂ ಬಂದಿದೆ. ಆದರೆ ನಿತ್ಯದ ಆರೈಕೆಗೆ ಸೌಮ್ಯವಾದ ಸಾಬೂನುನೀರು, ಮೆದು ಬ್ರಷ್ಷು ಸಾಕು. ನಿಂಬೆ, ಹುಣಿಸೆ, ಆಸಿಡ್ ಈ ಕಲ್ಲಿಗೆ ಆಗದು.

ಕೆಲಸ ಮುಗಿಸಿ ಚಹಾ ಕುಡಿಯುತ್ತ ಗೌಂಡಿ ತನ್ನೂರಿನ ಖಣಿಯ ಮಾತೆತ್ತಿದ. ಧಾರವಾಡದ ಅವ್ವ ನೆಲವನ್ನು ಕೈಯಿಂದ ಸವರಿ, "ಅಯ್ಯ, ನಮ್ಮ ಕಡೀ ಕಲ್ಲೇನೋ ಇದು? ಮೊದಲ ಹೇಳಬಾರದಾ!" ಎಂದಳು. ಆಮೇಲೆ ಕೆಳಗಿನ ಮನೆಗೆ ತಾನೇ ಉಂಡಿಯ ಡಬ್ಬಿ ಒಯ್ದುಕೊಟ್ಟು ಬಂದಳು.