ನೆರೆ, ನೆಱೆ: ಒಂದು ಅಕ್ಷರದ ಲೆಕ್ಕ

ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿ ದಡದ ಊರು. ಕೊಡಗಿನಲ್ಲಿ ಮಳೆ ಜೋರಾಗಿ ಹೊಳೆ ಉಕ್ಕಿದರೆ ‘ನೆರೆ ಬಂತು’ ಅಂತೀವಿ. ಅದನ್ನು ನೋಡೋಕೆ ಜನ ‘ನೆರೆದರು’ ಅಂತಲೂ ಅಂತೀವಿ. ನೀರು ಸೇರಿದರೂ ನೆರೆ, ಜನ ಸೇರಿದರೂ ನೆರೆ, ಹಾಗಾಗಿ ಎರಡೂ ಒಂದೇ ಪದ ಅನ್ನಿಸೋದು ಸಹಜ. ಆದರೆ ಹಳೆಯ ಕನ್ನಡದ ಕಾಗುಣಿತ ಬೇರೆಯೇ ಹೇಳುತ್ತದೆ.

ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು: ಸಾಮಾನ್ಯ ರ, ಮತ್ತು ಶಕಟರೇಫ ಎನ್ನುವ ಱ. ‘ನೆರೆ’ ಎಂದರೆ ಹತ್ತಿರ ಬಾ, ಕೂಡು, ಒಟ್ಟಾಗು. ‘ನೆಱೆ’ ಎಂದರೆ ತುಂಬು, ಪೂರ್ತಿಯಾಗು. ತಮಿಳಿನಲ್ಲಿ ಸಾಲು, ಗುಂಪು ಎಂಬರ್ಥದ ‘ನಿರೈ’ಯನ್ನೂ ತುಂಬು ಎಂಬರ್ಥದ ‘ನಿಱೈ’ಯನ್ನೂ ಇವತ್ತಿಗೂ ಬೇರೆ ಬೇರೆ ಅಕ್ಷರದಲ್ಲೇ ಬರೆಯುತ್ತಾರೆ.

ನೆರೆಮನೆ, ನೆರೆಹೊರೆ, ಗುಂಪು ಎಂಬರ್ಥದ ನೆರವಿ, ಸಹಾಯ ಎಂಬರ್ಥದ ನೆರವು ಮೊದಲ ಧಾತುವಿನ ಬಳಗ. ಹತ್ತಿರ ಬಂದು ಜೊತೆ ನಿಂತರೆ ಅದೇ ತಾನೇ ನೆರವು? ತಾನಾಗಿ ಕೂಡಿದರೆ ‘ನೆರೆ’, ಇನ್ನೊಬ್ಬರು ಕೂಡಿಹಾಕಿದರೆ ‘ನೆರಪು’. ಪಕಾರ ಹಕಾರವಾದ ಮೇಲೆ ಅದೇ ‘ನೆರಹು’. ಹೊಳೆಯ ನೆರೆ ಮಾತ್ರ ಅರ್ಥದಿಂದ ನೋಡಿದರೆ ಎರಡನೆಯದರ ಕಡೆಯದು. ‘ಹೊಳೆ ತುಂಬಿ ಬಂತು’ ಅನ್ನೋ ಊರಿನವರ ಮಾತು ಆ ಹಳೆಯ ಅರ್ಥವನ್ನೇ ಹೇಳುತ್ತದೆ.

ಶಾಸನಗಳಲ್ಲಿ ‘ನೆರೆದು’ ಎಂಬುದಕ್ಕೆ ಬರೀ ಜನಜಂಗುಳಿ ಎಂಬ ಅರ್ಥವಲ್ಲ. ಮಹಾಜನರು, ಗಾವುಂಡರು, ನಾಡಿನವರು ‘ನೆರೆದು’ ಭೂಮಿ ಬಿಟ್ಟರು, ಸುಂಕ ಬಿಟ್ಟರು ಎಂದು ಬರುವಾಗ ಅದು ಒಪ್ಪಂದದ ಮಾತು: ಸಂಬಂಧಪಟ್ಟವರು ಒಟ್ಟಿಗೆ ಕೂತು, ಎಲ್ಲರೆದುರು ತೀರ್ಮಾನಿಸಿದರು ಎಂಬುದಕ್ಕೆ ಕಲ್ಲಿನ ಸಾಕ್ಷಿ. ಇದನ್ನು ‘ಜಮಾಯಿಸಿ’ ಎಂದು ಓದಿದರೆ ಆ ತೂಕ ಹೋಗಿಬಿಡುತ್ತದೆ. ಜಮಾ ಅರಬ್ಬಿ ಮೂಲದ್ದು, ಲೆಕ್ಕಪತ್ರದ ಜೊತೆ ನಮ್ಮಲ್ಲಿ ಬಳಕೆಗೆ ಬಂದ ಪದ.

ಕಾಲ ಕಳೆದಂತೆ ರ, ಱ ಉಚ್ಚಾರಣೆಯಲ್ಲಿ ಒಂದಾದವು; ಕಲ್ಲು ಕೆತ್ತುವವರೂ ಒಂದರ ಬದಲು ಇನ್ನೊಂದನ್ನು ಬರೆದರು. ಹಾಗಾಗಿ ನಡುಗನ್ನಡದ ಶಾಸನದಲ್ಲಿ ಅಕ್ಷರವೊಂದನ್ನೇ ನಂಬುವಂತಿಲ್ಲ, ಸಂದರ್ಭವನ್ನೂ ನೋಡಬೇಕು. ಆದರೆ ಹಾಗೆ ನೋಡೋಕೆ ಅಕ್ಷರ ಉಳಿದಿರಬೇಕಲ್ಲ! ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟವಾಗಿ ಹೊರತಂದರು. ಇವತ್ತು ನಾವು ಅಂಥ ಪಾಠಗಳನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಹಂಚುವಾಗ, ಕೀಲಿಮಣೆಯಲ್ಲಿ ಸಿಗಲಿಲ್ಲವೆಂದು ಱ ಇದ್ದ ಕಡೆ ರ ಹಾಕಿಬಿಡುತ್ತೇವೆ. ಓದುವವರಿಗೆ ಸುಲಭವಾಗಬಹುದು, ನಿಜ. ಆದರೆ ಊರು ನೆರೆಯಿತೋ, ಹೊಳೆ ನೆಱೆಯಿತೋ ಎಂದು ತಿಳಿಸುವ ಗುರುತನ್ನೇ ಅಳಿಸಿದ ಹಾಗಾಗುತ್ತದೆ. ಕಲ್ಲಿನಲ್ಲಿ ಱ ಇದ್ದರೆ ದಯವಿಟ್ಟು ಱ ಎಂದೇ ಬರೆಯಿರಿ.